ನಾನು ಬರೆದಿದ್ದು ತಪ್ಪು: 4294967297ರ ಕಥೆ



ಹೋದ ತಿಂಗಳ ಗೋಡೆ ಪತ್ರಿಕೆಯಲ್ಲಿ "ನಿಮಗಿದು ಗೊತ್ತೆ?" ಎಂಬ ಮೂಲೆಯಲ್ಲಿ ನಾನು ಗಣಿತದ ಒಂದು ವಿಷಯ ಬರೆದಿದ್ದೆ. ಅದನ್ನು ಓದಿ ಆರನೇ ತರಗತಿಯ ಕೆಲವರು ತಮ್ಮ ನೋಟ್ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ. ಅದು ತಪ್ಪು. ಎಲ್ಲಿ ತಪ್ಪಾಯಿತು, ಯಾಕೆ ತಪ್ಪಾಯಿತು ಅಂತ ಹೇಳುವುದಕ್ಕೇ ಈ ಲೇಖನ. ಬರೆದುಕೊಂಡವರು ದಯವಿಟ್ಟು ಇದನ್ನು ಓದಿ ತಿದ್ದಿಕೊಳ್ಳಿ.

ನಾನು ಬರೆದಿದ್ದು ಹೀಗೆ: "2ರಿಂದ ಶುರು ಮಾಡಿ. ಅದನ್ನು ಅದರಿಂದಲೇ ಗುಣಿಸಿ. ಬಂದದ್ದನ್ನು ಮತ್ತೆ ಅದರಿಂದಲೇ ಗುಣಿಸಿ. ಹೀಗೆ ಬರುವ ಪ್ರತಿಯೊಂದು ಸಂಖ್ಯೆಗೂ 1 ಕೂಡಿಸಿದರೆ ಅವಿಭಾಜ್ಯ ಸಂಖ್ಯೆಯೇ ಬರುತ್ತದೆ."

ಅವಿಭಾಜ್ಯ ಅಂದರೆ ಏನು?

ಐದನೇ, ಆರನೇ ತರಗತಿಯವರಿಗಾಗಿ ಮೊದಲು ಇದನ್ನು ಹೇಳುತ್ತೇನೆ. 12 ಹುಣಸೆ ಬೀಜ ತೆಗೆದುಕೊಳ್ಳಿ. ಅದನ್ನು 3 ಸಾಲಿನಲ್ಲಿ ನಾಲ್ಕು ನಾಲ್ಕರಂತೆ ಜೋಡಿಸಬಹುದು. 2 ಸಾಲಿನಲ್ಲಿ ಆರು ಆರರಂತೆಯೂ ಜೋಡಿಸಬಹುದು. ಆದ್ದರಿಂದ 12 ಸಂಯುಕ್ತ ಸಂಖ್ಯೆ. ಈಗ ಒಂದು ಬೀಜ ಸೇರಿಸಿ 13 ಮಾಡಿ. ಹೇಗೆ ಜೋಡಿಸಿದರೂ ಸಾಲು ಸಮ ಆಗುವುದಿಲ್ಲ. ಒಂದೇ ಉದ್ದ ಸಾಲು ಮಾತ್ರ ಆಗುತ್ತೆ. 1 ಮತ್ತು 13 ಬಿಟ್ಟರೆ ಬೇರೆ ಯಾವುದರಿಂದಲೂ ಅದು ಶೇಷವಿಲ್ಲದೆ ಭಾಗವಾಗಲ್ಲ. ಇಂಥದ್ದೇ ಅವಿಭಾಜ್ಯ ಸಂಖ್ಯೆ.

ಐದು ಸಲ ಸರಿಯಾಯಿತು

ನಾನು ಸುಮ್ಮನೆ ಬರೆದಿರಲಿಲ್ಲ. ಲೆಕ್ಕ ಮಾಡಿಯೇ ಬರೆದಿದ್ದೆ. ನೋಡಿ:

2 + 1 = 3
2 × 2 = 4, ಅದಕ್ಕೆ 1 ಕೂಡಿಸಿದರೆ 5
4 × 4 = 16, ಅದಕ್ಕೆ 1 ಕೂಡಿಸಿದರೆ 17
16 × 16 = 256, ಅದಕ್ಕೆ 1 ಕೂಡಿಸಿದರೆ 257
256 × 256 = 65536, ಅದಕ್ಕೆ 1 ಕೂಡಿಸಿದರೆ 65537

3, 5, 17 ಅವಿಭಾಜ್ಯ ಅಂತ ಎಲ್ಲರಿಗೂ ಗೊತ್ತು. 257ಕ್ಕೆ 2, 3, 5, 7, 11, 13 ಇಷ್ಟರಿಂದ ಭಾಗಿಸಿ ನೋಡಿದರೆ ಸಾಕು. ಯಾಕೆ 13ಕ್ಕೇ ನಿಲ್ಲಿಸಬಹುದು ಅಂದರೆ, ಅಪವರ್ತನಗಳು ಯಾವಾಗಲೂ ಜೋಡಿಯಾಗಿ ಬರುತ್ತವೆ. ಜೋಡಿಯ ಎರಡೂ ಸಂಖ್ಯೆ 17 ಅಥವಾ ಅದಕ್ಕಿಂತ ದೊಡ್ಡದಾಗಿದ್ದರೆ, ಗುಣಿಸಿದಾಗ ಕಡಿಮೆ ಅಂದರೂ 17 × 17 = 289 ಆಗುತ್ತೆ. ಅದು 257ನ್ನು ದಾಟಿಬಿಟ್ಟಿತು. ಹಾಗಾಗಿ ಜೋಡಿಯಲ್ಲಿ ಒಂದಾದರೂ 16 ಅಥವಾ ಅದಕ್ಕಿಂತ ಚಿಕ್ಕದು ಇರಲೇಬೇಕು.

65537ಕ್ಕೆ ಇದೇ ರೀತಿ 256ರವರೆಗಿನ ಅವಿಭಾಜ್ಯ ಸಂಖ್ಯೆಗಳಿಂದೆಲ್ಲ ಭಾಗಿಸಬೇಕು. ಅಂಥವು 54 ಇವೆ. ಅರ್ಧ ನಾನು, ಅರ್ಧ ನನ್ನ ಗೆಳತಿ, ತಲೆಗೆ 27ರಂತೆ ಹಂಚಿಕೊಂಡು ನಾಲ್ಕು ಸಾಯಂಕಾಲ ಕೂತು ಮಾಡಿದೆವು. ಒಂದರಿಂದಲೂ ನಿಶ್ಶೇಷವಾಗಿ ಭಾಗ ಹೋಗಲಿಲ್ಲ. ಐದಕ್ಕೆ ಐದೂ ಅವಿಭಾಜ್ಯ! ನನಗೆ ಬಹಳ ಸಂತೋಷವಾಗಿ "ಪ್ರತಿಯೊಂದು ಸಂಖ್ಯೆಯೂ" ಅಂತ ಬರೆದೇಬಿಟ್ಟೆ. ಆರನೆಯದನ್ನು ನೋಡಲಿಲ್ಲ. ನನ್ನ ತಪ್ಪು ಇದೇ.

ಆರನೆಯ ಸಂಖ್ಯೆ

65536 × 65536 = 4294967296. ಅದಕ್ಕೆ 1 ಕೂಡಿಸಿದರೆ 4294967297.

ಇದನ್ನು ನಮ್ಮ ರೀತಿಯಲ್ಲಿ ಅಲ್ಪವಿರಾಮ ಹಾಕಿ ಓದಿದರೆ ನಾನೂರ ಇಪ್ಪತ್ತೊಂಬತ್ತು ಕೋಟಿ ನಲವತ್ತೊಂಬತ್ತು ಲಕ್ಷದ ಅರವತ್ತೇಳು ಸಾವಿರದ ಇನ್ನೂರ ತೊಂಬತ್ತೇಳು. ಸೆಕೆಂಡಿಗೆ ಒಂದರಂತೆ, ಊಟ ನಿದ್ದೆ ಬಿಟ್ಟು ಎಣಿಸಿದರೂ ಸುಮಾರು 136 ವರ್ಷ ಬೇಕು. ನಾನು ಎಣಿಸೋಕೆ ಶುರು ಮಾಡಿದರೆ ನನ್ನ ಮೊಮ್ಮಕ್ಕಳು ಮುಗಿಸಬೇಕು.

ಚದುರಂಗದ ಹಲಗೆಯ ಕಥೆ ನೀವೆಲ್ಲ ಕೇಳಿದ್ದೀರಿ. ಮೊದಲನೇ ಮನೆಗೆ ಒಂದು ಅಕ್ಕಿ ಕಾಳು, ಎರಡನೇ ಮನೆಗೆ ಎರಡು, ಮೂರನೇ ಮನೆಗೆ ನಾಲ್ಕು, ಹೀಗೆ ದುಪ್ಪಟ್ಟು ಮಾಡುತ್ತಾ ಹೋಗುವುದು. ಹಲಗೆಯಲ್ಲಿ 64 ಮನೆ. ಅರ್ಧ ಹಲಗೆ ಮುಗಿದು 33ನೇ ಮನೆಗೆ ಬಂದಾಗ ಅದರಲ್ಲಿ ಇಡಬೇಕಾದ ಕಾಳು 4294967296. ಒಂದು ಗ್ರಾಮಿಗೆ 50 ಕಾಳು ಅಂತ ಇಟ್ಟುಕೊಂಡರೆ ಆ ಒಂದು ಮನೆಗೇ 859 ಕ್ವಿಂಟಾಲ್ ಅಕ್ಕಿ ಬೇಕು! ಆ ರಾಶಿಯ ಮೇಲೆ ಇನ್ನೊಂದೇ ಒಂದು ಕಾಳು ಹಾಕಿ. ಅದೇ ನಮ್ಮ ಸಂಖ್ಯೆ.

2ನ್ನು 32 ಸಲ ಬರೆದು ಗುಣಿಸಿದರೂ ಇದೇ 4294967296 ಬರುತ್ತೆ. ಆದ್ದರಿಂದ ಇದನ್ನು 2ರ 32ನೇ ಘಾತ ಎನ್ನುತ್ತಾರೆ. ಚಿಕ್ಕದಾಗಿ 2³² ಎಂದು ಬರೆಯುತ್ತಾರೆ.

ಸರ್ ಕೊಟ್ಟ ಚೀಟಿ

ನನ್ನ ಬರಹ ಗೋಡೆಗೆ ಅಂಟಿಸಿದ ಮೂರನೇ ದಿನ ನಮ್ಮ ಗಣಿತದ ಸರ್ ನನ್ನನ್ನು ಕರೆದು ಒಂದು ಚೀಟಿ ಕೊಟ್ಟರು. ಅದರಲ್ಲಿ 4294967297 ಎಂದು ಬರೆದು ಪಕ್ಕದಲ್ಲಿ 641 ಎಂದು ಬರೆದಿತ್ತು. "ಇದರಿಂದ ಅದನ್ನ ಭಾಗಿಸಿ ನೋಡಮ್ಮ" ಅಂದರು. ಬೇರೇನೂ ಹೇಳಲಿಲ್ಲ.

ನಾನು ಆಗಲೇ ಕೂತು ಭಾಗಿಸಿದೆ. ಶೇಷ ಸೊನ್ನೆ ಬಂತು! ನನಗೆ ಮುಖ ಸಪ್ಪೆಯಾಯಿತು. ಭಾಗಲಬ್ಧ 67417 ಎಂದು ಬರೆದು ತೋರಿಸಿದೆ. ಸರ್ ನಕ್ಕು, "ಗುಣಿಸಿ ನೋಡು" ಅಂದರು. 641ನ್ನು 67417ರಿಂದ ಗುಣಿಸಿದರೆ 43214297 ಬಂತು. ಅಂದರೆ ಬರೀ 4 ಕೋಟಿ 32 ಲಕ್ಷ ಚಿಲ್ಲರೆ. ನಮಗೆ ಬೇಕಾದದ್ದು 429 ಕೋಟಿ. ಅಲ್ಲಿಗೆ ನನ್ನ ಎರಡನೇ ತಪ್ಪು!

ಎಲ್ಲಿ ತಪ್ಪಿದೆ ಅಂತ ನೋಡಿ. ನೀವೂ ಇಂಥ ತಪ್ಪು ಮಾಡುತ್ತೀರಿ ಅಂತ ನನಗೆ ಗೊತ್ತು.

4294ರಲ್ಲಿ 641 ಆರು ಸಲ. 3846 ಕಳೆದರೆ 448.
9 ಇಳಿಸಿ: 4489. ಏಳು ಸಲ. 4487 ಕಳೆದರೆ 2.
6 ಇಳಿಸಿ: 26. ಇದು 641ಕ್ಕಿಂತ ಚಿಕ್ಕದು. ಸೊನ್ನೆ ಸಲ.
7 ಇಳಿಸಿ: 267. ಇದೂ ಚಿಕ್ಕದು. ಮತ್ತೆ ಸೊನ್ನೆ ಸಲ.
2 ಇಳಿಸಿ: 2672. ನಾಲ್ಕು ಸಲ. 2564 ಕಳೆದರೆ 108.
9 ಇಳಿಸಿ: 1089. ಒಂದು ಸಲ. 641 ಕಳೆದರೆ 448.
7 ಇಳಿಸಿ: 4487. ಏಳು ಸಲ. 4487 ಕಳೆದರೆ 0.

ನಾನು 6, 7, 2 ಮೂರನ್ನೂ ಒಟ್ಟಿಗೇ ಇಳಿಸಿಕೊಂಡು, ನಡುವಿನ ಎರಡು ಸೊನ್ನೆ ಭಾಗಲಬ್ಧದಲ್ಲಿ ಹಾಕದೇ ಬಿಟ್ಟಿದ್ದೆ. ಸರಿಯಾದ ಭಾಗಲಬ್ಧ 6700417. ಅಂದರೆ 67 ಲಕ್ಷದ 417. ಈಗ ತಾಳೆ ನೋಡೋಣ:

6700417 × 600 = 4020250200
6700417 × 40 = 268016680
6700417 × 1 = 6700417
ಮೂರನ್ನೂ ಕೂಡಿಸಿದರೆ 4294967297.

ಸರಿಯಾಗಿ ಕೂತಿತು. ಆದ್ದರಿಂದ 4294967297 = 641 × 6700417. ಅದು ಅವಿಭಾಜ್ಯ ಅಲ್ಲ, ಸಂಯುಕ್ತ ಸಂಖ್ಯೆ. 641 ಮತ್ತು 6700417 ಎರಡೂ ಅವಿಭಾಜ್ಯ ಸಂಖ್ಯೆಗಳು. ಹಾಗಾಗಿ ಇಷ್ಟು ದೊಡ್ಡ ಸಂಖ್ಯೆಗೆ ಇರುವ ಅಪವರ್ತನಗಳು ನಾಲ್ಕೇ ನಾಲ್ಕು: 1, 641, 6700417 ಮತ್ತು ಅದೇ ಸಂಖ್ಯೆ.

ನನ್ನ ಹಾಗೇ ತಪ್ಪಿದ ದೊಡ್ಡವರು

ನಾನು ಅಳುವ ಹಾಗೆ ನಿಂತಿದ್ದೆ. ಆಗ ಸರ್ ಒಂದು ಸಂಗತಿ ಹೇಳಿದರು. ಇದೇ ತಪ್ಪನ್ನು ಪ್ರಪಂಚದ ಬಹುದೊಡ್ಡ ಗಣಿತಜ್ಞರೊಬ್ಬರು ಮಾಡಿದ್ದರಂತೆ! ಅವರ ಹೆಸರು ಪಿಯೆರ್ ದ ಫರ್ಮಾ. ಫ್ರಾನ್ಸ್ ದೇಶದವರು. ತುಲೂಸ್ ಎಂಬ ಊರಿನ ನ್ಯಾಯಾಲಯದಲ್ಲಿ ಕೆಲಸ ಮಾಡುತ್ತಾ, ಬಿಡುವಿನಲ್ಲಿ ಗಣಿತ ಮಾಡುತ್ತಿದ್ದರು. 1640ರಲ್ಲಿ ಅವರು ತಮ್ಮ ಸ್ನೇಹಿತರಿಗೆ ಬರೆದ ಪತ್ರದಲ್ಲಿ 3, 5, 17, 257, 65537 ಈ ಸಾಲಿನ ಸಂಖ್ಯೆಗಳೆಲ್ಲ ಅವಿಭಾಜ್ಯ ಎಂದು ತಮಗೆ ನಂಬಿಕೆ ಇದೆ ಎಂದು ಬರೆದರು. ಆದರೆ ಇದಕ್ಕೆ ಸಾಧನೆ ಸಿಕ್ಕಿಲ್ಲ ಎಂದೂ ಪ್ರಾಮಾಣಿಕವಾಗಿ ಹೇಳಿಕೊಂಡರು. ನಾನು ಅಷ್ಟನ್ನೂ ಹೇಳಿರಲಿಲ್ಲ. ಈ ಸಾಲಿನ ಸಂಖ್ಯೆಗಳಿಗೆ ಈಗಲೂ ಫರ್ಮಾ ಸಂಖ್ಯೆಗಳು ಎಂದೇ ಹೆಸರು.

ಅವರು ಯಾಕೆ ಆರನೆಯದನ್ನು ಹಿಡಿಯಲಿಲ್ಲ? 4294967297 ಅವಿಭಾಜ್ಯವೋ ಅಲ್ಲವೋ ಎಂದು ಪೂರ್ತಿ ನೋಡಬೇಕಾದರೆ 65536ರವರೆಗಿನ ಅವಿಭಾಜ್ಯ ಸಂಖ್ಯೆಗಳಿಂದೆಲ್ಲ ಭಾಗಿಸಬೇಕು. ಅಂಥವು 6542 ಇವೆ. ದಿನಕ್ಕೆ 20 ಭಾಗಾಕಾರ ಮಾಡಿದರೂ ಹತ್ತಿರ ಹತ್ತಿರ ಒಂದು ವರ್ಷ. ಆದರೆ ತಮಾಷೆ ಏನೆಂದರೆ, 641 ಎಂಬುದು 2ರಿಂದ ಎಣಿಸಿದರೆ 116ನೇ ಅವಿಭಾಜ್ಯ ಸಂಖ್ಯೆ. ಸಾಲಾಗಿ ಭಾಗಿಸುತ್ತಾ ಹೋಗಿದ್ದರೆ 116ನೇ ಭಾಗಾಕಾರದಲ್ಲೇ ಸಿಕ್ಕಿಬಿಡುತ್ತಿತ್ತು. ನಮ್ಮ ಲೆಕ್ಕದಲ್ಲಿ ಆರು ದಿನದ ಕೆಲಸ!

ಫರ್ಮಾ 1665ರಲ್ಲಿ ತೀರಿಕೊಂಡರು. ತಪ್ಪು ಹಾಗೇ ಉಳಿಯಿತು.

ಆಯ್ಲರ್ ಹೇಗೆ ಕಂಡುಹಿಡಿದರು?

1729ರ ಡಿಸೆಂಬರಿನಲ್ಲಿ ಗೋಲ್ಡ್‌ಬಾಖ್ ಎಂಬ ಗಣಿತಜ್ಞರು ಲಿಯೊನಾರ್ಡ್ ಆಯ್ಲರ್ ಅವರಿಗೆ ಒಂದು ಪತ್ರ ಬರೆದು, "ಫರ್ಮಾ ಹೇಳಿದ ಈ ಮಾತು ನಿಮಗೆ ಗೊತ್ತೇ?" ಎಂದು ವಿಚಾರಿಸಿದರು. ಆಯ್ಲರ್ ಸ್ವಿಟ್ಜರ್ಲೆಂಡ್ ದೇಶದಲ್ಲಿ 1707ರಲ್ಲಿ ಹುಟ್ಟಿದವರು. ಆಗ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕೆಲಸದಲ್ಲಿದ್ದರು. 1732ರಲ್ಲಿ ಅವರು 641ರಿಂದ ಇದು ಭಾಗವಾಗುತ್ತದೆ ಎಂದು ತೋರಿಸಿದರು. ಆಗ ಅವರಿಗೆ ಬರೀ 25 ವರ್ಷ. ಫರ್ಮಾ ಪತ್ರ ಬರೆದು 92 ವರ್ಷ ಆಗಿತ್ತು.

ಆಯ್ಲರ್ ಆಮೇಲಿನ ಲೇಖನದಲ್ಲಿ ಒಂದು ಉಪಾಯವನ್ನೂ ಬರೆದರು. 4294967297ನ್ನು ಯಾವುದಾದರೂ ಅವಿಭಾಜ್ಯ ಸಂಖ್ಯೆ ಭಾಗಿಸುವುದಾದರೆ, ಅದು 64ರ ಮಗ್ಗಿಯ ಸಂಖ್ಯೆಗಿಂತ ಸರಿಯಾಗಿ 1 ಹೆಚ್ಚು ಇರಲೇಬೇಕು. ಮಿಕ್ಕವನ್ನು ಮುಟ್ಟುವುದೇ ಬೇಡ. ಇದಕ್ಕೆ ಅವರು ಸಾಧನೆಯನ್ನೂ ಕೊಟ್ಟರು. ಅದು ನಮಗೆ ಈಗ ಕಷ್ಟ, ಮುಂದೆ ಕಾಲೇಜಿನಲ್ಲಿ ಬರುತ್ತೆ ಅಂತ ಸರ್ ಹೇಳಿದರು. ಆದರೆ ಉಪಾಯವನ್ನು ನಾವೂ ಬಳಸಬಹುದು. 64ರ ಮಗ್ಗಿ ಹೇಳುತ್ತಾ 1 ಕೂಡಿಸಿ:

65, 129, 193, 257, 321, 385, 449, 513, 577, 641.

ಇದರಲ್ಲಿ 65, 129, 321, 385, 513 ಅವಿಭಾಜ್ಯ ಅಲ್ಲ. ಅವನ್ನು ಹೊಡೆದುಹಾಕಿ. ಉಳಿದವು ಐದೇ. ಭಾಗಿಸಿದರೆ ಶೇಷ ಹೀಗೆ ಬರುತ್ತೆ:

193ರಿಂದ ಭಾಗಿಸಿದರೆ ಶೇಷ 109
257ರಿಂದ ಭಾಗಿಸಿದರೆ ಶೇಷ 2
449ರಿಂದ ಭಾಗಿಸಿದರೆ ಶೇಷ 325
577ರಿಂದ ಭಾಗಿಸಿದರೆ ಶೇಷ 288
641ರಿಂದ ಭಾಗಿಸಿದರೆ ಶೇಷ 0

116 ಭಾಗಾಕಾರದ ಕೆಲಸ ಐದು ಭಾಗಾಕಾರದಲ್ಲಿ ಮುಗಿಯಿತು! ದೊಡ್ಡ ಭಾಜಕ 6700417 ಕೂಡ ಇದೇ ನಿಯಮ ಪಾಲಿಸುತ್ತೆ. 64 × 104694 = 6700416. ಅದಕ್ಕೆ 1 ಕೂಡಿಸಿ ನೋಡಿ.

ಭಾಗಿಸದೇ ತೋರಿಸುವುದು

641ರಿಂದ ಭಾಗ ಹೋಗುತ್ತೆ ಅಂತ ಭಾಗಾಕಾರ ಮಾಡದೆಯೂ ತೋರಿಸಬಹುದು. ಇದನ್ನು ಏಳನೇ ತರಗತಿಯವರು ನಿಧಾನವಾಗಿ ಓದಿ. ನನಗೆ ಎರಡು ದಿನ ಬೇಕಾಯಿತು.

641ಕ್ಕೆ ಎರಡು ಗುಣ ಇವೆ. ಒಂದು, 641 = 640 + 1. ಎರಡು, 641 = 625 + 16.

640 × 640 ಎಷ್ಟು? 409600. ಇದು 641 × 639ಕ್ಕಿಂತ ಸರಿಯಾಗಿ 1 ಹೆಚ್ಚು. ಅಂದರೆ 641ರಿಂದ ಭಾಗಿಸಿದರೆ ಶೇಷ 1. ಶೇಷ 1 ಬರುವ ಎರಡು ಸಂಖ್ಯೆಗಳನ್ನು ಗುಣಿಸಿದರೂ ಶೇಷ 1 ಬರುತ್ತೆ. ಆದ್ದರಿಂದ 640ನ್ನು ನಾಲ್ಕು ಸಲ ಗುಣಿಸಿದರೂ ಶೇಷ 1.

ಈಗ 640ನ್ನು ಬಿಡಿಸಿ. 640 = 5 × 128. 128 ಅಂದರೆ 2ನ್ನು ಏಳು ಸಲ ಗುಣಿಸಿದ್ದು. ನಾಲ್ಕು 640ರಲ್ಲಿ ನಾಲ್ಕು 5 ಮತ್ತು ಇಪ್ಪತ್ತೆಂಟು 2 ಇವೆ. ನಾಲ್ಕು 5 ಗುಣಿಸಿದರೆ 625. ಹಾಗಾಗಿ ಆ ಗುಣಲಬ್ಧ 625 × 2²⁸.

ಆದರೆ 625 = 641 − 16. ಆದ್ದರಿಂದ 625 × 2²⁸ ಅಂದರೆ 641 × 2²⁸ರಲ್ಲಿ 16 × 2²⁸ ಕಳೆದದ್ದು. 16 ಅಂದರೆ ನಾಲ್ಕು 2. ನಾಲ್ಕೂ ಇಪ್ಪತ್ತೆಂಟೂ ಸೇರಿ 32. ಅಂದರೆ ಕಳೆದದ್ದು 2³².

ಹೀಗಾಗಿ "641ರ ಗುಣಕ ಒಂದರಲ್ಲಿ 2³² ಕಳೆದರೆ ಶೇಷ 1 ಉಳಿಯುತ್ತೆ" ಎಂದಾಯಿತು. ಆ 1ನ್ನೂ ಸೇರಿಸಿ ಕಳೆದರೆ, ಅಂದರೆ 2³² + 1 ಕಳೆದರೆ, ಶೇಷ ಏನೂ ಇರಲ್ಲ. 641ರ ಗುಣಕದಲ್ಲಿ ಯಾವುದನ್ನು ಕಳೆದರೂ ಮತ್ತೆ 641ರ ಗುಣಕವೇ ಉಳಿದರೆ, ಕಳೆದದ್ದೂ 641ರ ಗುಣಕವೇ. 2³² + 1 ಅಂದರೆ ನಮ್ಮ 4294967297. ಮುಗಿಯಿತು!

ಇನ್ನೂ ಕೆಲವು ಗುಣಗಳು

1. ಹಿಂದಿನ ಐದನ್ನೂ ಗುಣಿಸಿ: 3 × 5 × 17 × 257 × 65537 = 4294967295. ನಮ್ಮ ಸಂಖ್ಯೆಗಿಂತ ಸರಿಯಾಗಿ 2 ಕಡಿಮೆ! ಅದಕ್ಕೇ ಮೇಲೆ 257ರಿಂದ ಭಾಗಿಸಿದಾಗ ಶೇಷ 2 ಬಂದದ್ದು. 5, 17, 65537ರಿಂದ ಭಾಗಿಸಿದರೂ ಶೇಷ 2 ಬರುತ್ತೆ. 3ರಿಂದ ಭಾಗಿಸಿದರೂ ಅಷ್ಟೇ. ಚದುರಂಗದ ಹಲಗೆಯ ಮೊದಲ 32 ಮನೆಗಳ ಕಾಳನ್ನೆಲ್ಲ ಕೂಡಿಸಿದರೂ ಇದೇ 4294967295 ಬರುತ್ತೆ.

2. ಅಂಕಿಗಳನ್ನು ಕೂಡಿಸಿದರೆ 4+2+9+4+9+6+7+2+9+7 = 59. ಇದು 3ರಿಂದ ಭಾಗವಾಗಲ್ಲ. ಆದ್ದರಿಂದ ನಮ್ಮ ಸಂಖ್ಯೆಯೂ 3ರಿಂದ, 9ರಿಂದ ಭಾಗವಾಗಲ್ಲ. ಒಂದು ಬಿಟ್ಟು ಒಂದು ಅಂಕಿ ಕೂಡಿಸಿದರೆ 21 ಮತ್ತು 38. ವ್ಯತ್ಯಾಸ 17. ಆದ್ದರಿಂದ 11ರಿಂದಲೂ ಭಾಗವಾಗಲ್ಲ.

3. ಇದನ್ನು ಎರಡು ವರ್ಗಗಳ ಮೊತ್ತವಾಗಿ ಎರಡು ರೀತಿಯಲ್ಲಿ ಬರೆಯಬಹುದು. ಒಂದು, 65536 × 65536 + 1 × 1. ಇನ್ನೊಂದು, 62264 × 62264 + 20449 × 20449. ಎರಡನೆಯದನ್ನು ಗುಣಿಸಿದರೆ 3876805696 ಮತ್ತು 418161601. ಕೂಡಿಸಿ ನೋಡಿ. ಅವಿಭಾಜ್ಯ ಸಂಖ್ಯೆ ಯಾವುದನ್ನೂ ಹೀಗೆ ಎರಡು ಬೇರೆ ರೀತಿಯಲ್ಲಿ ಬರೆಯಲು ಆಗುವುದೇ ಇಲ್ಲ. ಚಿಕ್ಕ ಉದಾಹರಣೆ: 65 = 64 + 1, ಮತ್ತೆ 65 = 49 + 16. 65 ಅವಿಭಾಜ್ಯ ಅಲ್ಲ, 5 × 13. ಇದೂ ಒಂದು ಪರೀಕ್ಷೆ.

4. ನಮ್ಮ ಸಂಖ್ಯೆಗಿಂತ 1 ಕಡಿಮೆ ಇರುವ 4294967296 ಕಂಪ್ಯೂಟರಿನವರಿಗೆ ಬಹಳ ಪರಿಚಯ. ಇಂಟರ್‌ನೆಟ್‌ನ ಹಳೇ ಪದ್ಧತಿಯಲ್ಲಿ ಪ್ರತಿ ವಿಳಾಸಕ್ಕೂ 32 ಜಾಗ, ಪ್ರತಿ ಜಾಗದಲ್ಲೂ 0 ಅಥವಾ 1. ಆದ್ದರಿಂದ ಒಟ್ಟು ವಿಳಾಸ 429 ಕೋಟಿ ಚಿಲ್ಲರೆ ಮಾತ್ರ. ಪ್ರಪಂಚದ ಜನಸಂಖ್ಯೆ 2022ರಲ್ಲೇ 800 ಕೋಟಿ ಮುಟ್ಟಿತು. ತಲೆಗೊಂದು ವಿಳಾಸ ಕೊಡಲೂ ಅದು ಸಾಲದು. ಅದಕ್ಕೇ ಇನ್ನೂ ಉದ್ದದ ಹೊಸ ಪದ್ಧತಿ ಮಾಡಿದರು.

ಎಂಟು ವರ್ಷದ ಹುಡುಗ

ಅಮೆರಿಕದಲ್ಲಿ 1804ರಲ್ಲಿ ಹುಟ್ಟಿದ ಜೆರಾ ಕೋಲ್‌ಬರ್ನ್ ಎಂಬ ಹುಡುಗ ಬಾಯಲ್ಲೇ ದೊಡ್ಡ ದೊಡ್ಡ ಲೆಕ್ಕ ಮಾಡುತ್ತಿದ್ದ. ಅವನನ್ನು ಅವನ ತಂದೆ ಲಂಡನ್ನಿಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಅವನಿಗೆ ಇದೇ 4294967297 ಕೊಟ್ಟು ಅಪವರ್ತನ ಕೇಳಿದರು. ಅವನು ಕಾಗದ ಮುಟ್ಟದೆ 641 × 6700417 ಎಂದು ಹೇಳಿದನಂತೆ! ಆಗ ಅವನು ನಮ್ಮ ಮೂರನೇ ತರಗತಿಯವರಷ್ಟು ದೊಡ್ಡವನು. ನಾನು ಕಾಗದದ ಮೇಲೆ ಮಾಡಿಯೂ ಎರಡು ಸೊನ್ನೆ ಬಿಟ್ಟೆ.

ಉಳಿದ ಫರ್ಮಾ ಸಂಖ್ಯೆಗಳು ಏನಾದವು?

ಸಾಲಿನಲ್ಲಿ ಏಳನೆಯದು 18446744073709551617. ಇದು 20 ಅಂಕಿಯ ಸಂಖ್ಯೆ. ಇದೂ ಸಂಯುಕ್ತವೇ. 1880ರಲ್ಲಿ ಫ್ರಾನ್ಸಿನ ಲಾಂಡ್ರಿ ಎಂಬ 82 ವರ್ಷದ ಅಜ್ಜ ಇದನ್ನು 274177 × 67280421310721 ಎಂದು ಬಿಡಿಸಿದರು. ಎಂಟನೆಯದು 39 ಅಂಕಿಯದು. ಅದರ ಅಪವರ್ತನ ಸಿಗಲು 1970ರವರೆಗೆ ಕಾಯಬೇಕಾಯಿತು, ಅದೂ ಕಂಪ್ಯೂಟರಿನ ಸಹಾಯದಿಂದ.

ನೋಡಿದಷ್ಟೂ ಸಂಯುಕ್ತವೇ ಸಿಕ್ಕಿದೆ. ಮೊದಲ ಐದು ಬಿಟ್ಟರೆ ಆರನೇ ಅವಿಭಾಜ್ಯ ಫರ್ಮಾ ಸಂಖ್ಯೆ ಇವತ್ತಿನವರೆಗೂ ಯಾರಿಗೂ ಸಿಕ್ಕಿಲ್ಲ. ಹಾಗಂತ "ಇನ್ನು ಇಲ್ಲವೇ ಇಲ್ಲ" ಅಂತಲೂ ಯಾರೂ ಸಾಧಿಸಿಲ್ಲ. ಈ ಸಲ ನಾನು ಏನೂ ಹೇಳುವುದಿಲ್ಲ!

ಫರ್ಮಾ ಅವರ ಮಾತು ತಪ್ಪಾದರೂ ಆ ಐದು ಸಂಖ್ಯೆಗಳು ವ್ಯರ್ಥವಾಗಲಿಲ್ಲ. 1796ರಲ್ಲಿ ಗೌಸ್ ಎಂಬ ಜರ್ಮನಿಯ ಹುಡುಗ, ಆಗಿನ್ನೂ 18 ವರ್ಷ, 17 ಸಮಬಾಹುಗಳ ಆಕೃತಿಯನ್ನು ಬರೀ ಕೈವಾರ ಮತ್ತು ಪಟ್ಟಿಯಿಂದ ಎಳೆಯಬಹುದು ಎಂದು ತೋರಿಸಿದರು. 17 ಫರ್ಮಾ ಸಾಲಿನ ಅವಿಭಾಜ್ಯ ಸಂಖ್ಯೆ ಆದದ್ದರಿಂದಲೇ ಅದು ಸಾಧ್ಯ.

ಮನೆಯಲ್ಲಿ ಹೇಳಿದಾಗ

ಇದನ್ನೆಲ್ಲ ನಾನು ಮನೆಯಲ್ಲಿ ಅಪ್ಪನಿಗೆ ಹೇಳಿದೆ. ಅಪ್ಪ ನಾಲ್ಕನೇ ತರಗತಿವರೆಗೆ ಓದಿದ್ದಾರೆ. ಎಲ್ಲ ಕೇಳಿ, "ನಮ್ಮ ಬೋರ್ ಥರಾನೇ ಆಯ್ತಲ್ಲ ಮಗಾ" ಅಂದರು. ಹೋದ ವರ್ಷ ನಮ್ಮ ಹೊಲದ ಸುತ್ತ ನಾಲ್ಕು ಜನ ಬೋರ್‌ವೆಲ್ ಹಾಕಿಸಿದ್ದರು. ನಾಲ್ಕರಲ್ಲೂ ನೀರು ಬಂತು. ತೆಂಗಿನಕಾಯಿ ಹಿಡಿದು ನೀರು ನೋಡುವವರು ನಮ್ಮ ಹೊಲದಲ್ಲೂ ಇದೆ ಅಂದರು. ಅಪ್ಪ ಸಾಲ ಮಾಡಿ ಹಾಕಿಸಿದರು. ನಮ್ಮದರಲ್ಲಿ ಬರೀ ಬಿಳಿ ಧೂಳು ಬಂತು. ಆ ಸಾಲ ಇನ್ನೂ ತೀರಿಲ್ಲ.

ನನ್ನ ತಪ್ಪಿನಿಂದ ಯಾರಿಗೂ ಸಾಲ ಆಗಲಿಲ್ಲ. ಆರನೇ ತರಗತಿಯವರ ನೋಟ್ ಪುಸ್ತಕದಲ್ಲಿ ಒಂದು ಸಾಲು ಹೊಡೆದುಹಾಕಿದರೆ ಆಯಿತು. ಆದರೆ ಅಪ್ಪ ಹೇಳಿದ ಮೇಲೆ ನನಗೆ ಲೆಕ್ಕ ಚೆನ್ನಾಗಿ ಅರ್ಥವಾಯಿತು. ನಾಲ್ಕು ಸಲ ಆಯಿತು, ಐದು ಸಲ ಆಯಿತು ಅಂತ ಮುಂದಿನ ಸಲವೂ ಆಗುತ್ತೆ ಅನ್ನೋಕಾಗಲ್ಲ. ನೀರು ಇದೆಯೋ ಇಲ್ಲವೋ ಅಂತ ಮೊದಲೇ ಗುಣಿಸಿ ನೋಡೋಕೆ ಆಗಲ್ಲ. ಸಂಖ್ಯೆಯನ್ನಾದರೆ ನೋಡಬಹುದು. ನೋಡೋಕೆ ಆಗುವಾಗಲೂ ನೋಡದೆ ಬರೆಯಬಾರದು. ಹೇಳಿದವರು ಫರ್ಮಾ ಅವರೇ ಆಗಿರಲಿ, ಗೋಡೆ ಪತ್ರಿಕೆಯೇ ಆಗಿರಲಿ, ಒಂದು ಸಲ ಗುಣಿಸಿ ನೋಡಿ. ಈ ಲೇಖನದ ಲೆಕ್ಕಗಳನ್ನೂ ಸಹ.

ನಿಮಗೊಂದು ಲೆಕ್ಕ

ಯಾವುದಾದರೂ ಸಂಖ್ಯೆ ತೆಗೆದುಕೊಳ್ಳಿ. ಅದನ್ನು ಅದರ ಮುಂದಿನ ಸಂಖ್ಯೆಯಿಂದ ಗುಣಿಸಿ 41 ಕೂಡಿಸಿ.
1 × 2 + 41 = 43
2 × 3 + 41 = 47
3 × 4 + 41 = 53
ಮೂರೂ ಅವಿಭಾಜ್ಯ. ಹೀಗೇ ಮುಂದುವರಿಸಿ. ಎಲ್ಲಿಯವರೆಗೆ ಅವಿಭಾಜ್ಯ ಬರುತ್ತೆ? ಮೊದಲ ಸಲ ಎಲ್ಲಿ ತಪ್ಪುತ್ತೆ? ಹತ್ತಕ್ಕೇ ನಿಲ್ಲಿಸಿ "ಯಾವಾಗಲೂ ಬರುತ್ತೆ" ಅಂತ ನನ್ನ ಹಾಗೆ ಬರೆದುಕೊಡಬೇಡಿ. ಉತ್ತರವನ್ನು ಚೀಟಿಯಲ್ಲಿ ಬರೆದು ಏಳನೇ ತರಗತಿಯ ಕಿಟಕಿಯ ಡಬ್ಬದಲ್ಲಿ ಹಾಕಿ. ಸರಿಯುತ್ತರ ಮುಂದಿನ ಸಂಚಿಕೆಯಲ್ಲಿ.

ಈ ಲೇಖನದಲ್ಲಿ ತಪ್ಪು ಕಂಡರೆ ಗುರುಗಳೂ ಸ್ನೇಹಿತರೂ ಪಕ್ಕದಲ್ಲೇ ಪೆನ್ಸಿಲಿನಿಂದ ತಿದ್ದಬೇಕಾಗಿ ವಿನಂತಿ.

ಇಂತಿ,
ಏಳನೇ ತರಗತಿಯ ವಿದ್ಯಾರ್ಥಿನಿ